ಫೋಟೊಗೆ ಕೂರುವ ಮುನ್ನ

ಮಗಳ ಫೋಟೊ ಗಂಡಿನ ಕಡೆಯವರಿಗೆ ಕಳಿಸಬೇಕೆಂದರೆ ಶ್ರೀರಾಂಪುರದ ಮನೆಗಳಲ್ಲೂ ಮೊದಲು ಹೊರಬರುವುದು ಮೈಸೂರು ರೇಷ್ಮೆ. ೧೯೧೨ರಲ್ಲಿ ಶುರುವಾದ ಆ ನೇಯ್ಗೆ ಕಾರ್ಖಾನೆ ಇರುವುದು ಮಾನಂದವಾಡಿ ರಸ್ತೆಯಲ್ಲೇ ತಾನೆ! ಧಾರಾಳವಾಗಿ ಉಡಲಿ. ಆದರೆ ಅಗಲ ಜರಿಯಂಚು ಬೆಳಕನ್ನು ಹಿಂದಕ್ಕೆಸೆದು ಮುಖವನ್ನೇ ಮಂಕಾಗಿಸೀತು. ಸಣ್ಣ ಅಂಚು ಮೇಲು.

ಕಟ್ಟುನಿಟ್ಟು ಬೇಕಾದದ್ದು ಪೌಡರಿನಲ್ಲಿ. ಟೈಟಾನಿಯಂ ಡೈ ಆಕ್ಸೈಡ್ ಬೆರೆತ ಪೌಡರನ್ನು ದಪ್ಪಗೆ ಬಳಿದರೆ ಫ್ಲ್ಯಾಶ್ ಬೆಳಕಿಗೆ ಮುಖ ಸುಣ್ಣ ಹೊಡೆದಂತೆ, ಕತ್ತು ಬೇರೆಯವರದಂತೆ ಕಾಣುತ್ತದೆ. ಜಿಡ್ಡು ಒರೆಸಲು ಶುಭ್ರ ಕರವಸ್ತ್ರ ಸಾಕು. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎಂದು ಸ್ಟುಡಿಯೊದಲ್ಲಿ ಪಿಸುಗುಡುವ ತಾಯಂದಿರು ಇಂದಿಗೂ ಇದ್ದಾರೆ. ಪಾಪ, ನಾಳೆ ಕಾಫಿ ತಟ್ಟೆ ಹಿಡಿದು ಬಂದವರ ಕಣ್ಣಳತೆಗೆ ನಿಲ್ಲಬೇಕಾದವಳು ಫೋಟೊದ ಹುಡುಗಿಯಲ್ಲ, ಇವಳು.

ಹುಬ್ಬು ತೀಡಿಸುವುದಿದ್ದರೆ ಎರಡು ದಿನ ಮೊದಲೇ ಆಗಲಿ. ಚರ್ಮದ ಕೆಂಪು ಇಳಿಯಬೇಕಲ್ಲ. ಕನ್ನಡಕ ಅಡಗಿಸಿಡುವುದು ಬೇಡ. ಗಲ್ಲ ತುಸು ತಗ್ಗಿಸಿದರೆ ಗಾಜಿನ ಹೊಳಪು ಹೋಗುತ್ತದೆ.