ಬಾಡಿಗೆಯ ದೋಣಿ, ಎಲ್ಲರ ಕಡಲು

ಅಮೆರಿಕೆಯ ಆಗ್ನೇಯ ಮೂಲೆಯಲ್ಲಿ ಕಡಲೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡಾ ಪ್ರಾಂತದಲ್ಲಿ ಗಾಳ ಹಾಕುವುದು ದೊಡ್ಡ ವಿನೋದವಾಗಿ ಬೆಳೆದಿದೆ. 1930ರ ದಶಕದಲ್ಲಿ ಹೆಮಿಂಗ್‌ವೇ ನೆಲೆಸಿದ್ದ ಕೀ ವೆಸ್ಟ್ ಮೊದಲ್ಗೊಂಡು ಐಲಾಮೊರಾಡದವರೆಗೂ ಪ್ರವಾಸಿಗಳನ್ನು ಕರೆದೊಯ್ಯುವ ಬಾಡಿಗೆ ದೋಣಿಗಳು ಕಾದು ನಿಂತಿವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಮೇಲುನೋಟಕ್ಕೆ ಹಣವುಳ್ಳವರ ರಜೆಯ ಪ್ರಶ್ನೆ. ಆದರೆ ಅದರ ಹಿಂದೆ, ಕಡಲು ಯಾರದೆಂಬ ಹಳೆಯ ಪ್ರಶ್ನೆಯೇ ನಿಂತಿದೆಯೆಂದು ನಾನು ಭಾವಿಸುತ್ತೇನೆ.

1994ರ ನವೆಂಬರಿನಲ್ಲಿ ಅಲ್ಲಿಯ ಮತದಾರರು ಪ್ರಾಂತದ ಸಂವಿಧಾನವನ್ನೇ ತಿದ್ದಿ, ಮೀನಿನ ಕಿವಿರಿಗೆ ಸಿಕ್ಕಿಕೊಳ್ಳುವ ಬಲೆಗಳನ್ನು ತಮ್ಮ ಕಡಲಿನಲ್ಲಿ ನಿಷೇಧಿಸಿದರು. ಶೇಕಡಾ 70ಕ್ಕೂ ಮಿಕ್ಕಿದ ಮತಗಳು ಇದರ ಪರವಾಗಿ ಬಿದ್ದವು. 1995ರ ಜುಲೈ 1ರಿಂದ ನಿಷೇಧ ಜಾರಿಗೆ ಬಂದಿತು. ಮೀನಿನ ಸಂತತಿ ಉಳಿಯಬೇಕೆಂಬ ವಾದ ಸುಳ್ಳಲ್ಲ. ಆದರೆ ಬಲೆಯನ್ನೇ ನಂಬಿದ್ದ ಬೆಸ್ತರು ದಡ ಸೇರಿದರು, ಗಾಳದ ವಿನೋದಿಗಳಿಗೆ ನೀರು ತೆರವಾಯಿತು ಎಂಬುದೂ ಅಷ್ಟೇ ನಿಜ. ಒಬ್ಬರ ಅನ್ನದ ದಾರಿಯನ್ನು ಮುಚ್ಚಿ ತೆರೆದ ಕಡಲಿನಲ್ಲಿ ವಿಹರಿಸುವವನಿಗೆ ಹೊಣೆಯೊಂದು ತಾನಾಗಿಯೇ ಬಂದು ಸೇರುತ್ತದೆ. ಆ ಹೊಣೆ ಮೊದಲು ಕಾಣಿಸಿಕೊಳ್ಳುವುದು ದೋಣಿಯ ಆಯ್ಕೆಯಲ್ಲಿ.

ಕಾನೂನಿನ ಮಾತನ್ನು ಮೊದಲು ನೋಡೋಣ. ಬಾಡಿಗೆ ಪಡೆದು ಜನರನ್ನು ಕರೆದೊಯ್ಯುವ ನಾವಿಕನಲ್ಲಿ ಅಮೆರಿಕೆಯ ಕರಾವಳಿ ರಕ್ಷಣಾಪಡೆಯ ಪರವಾನಿಗೆ ಇರಲೇಬೇಕು. ಅದರ ಕೆಳಗಿನ ದರ್ಜೆಗೂ 360 ದಿನಗಳ ಜಲಾನುಭವ ಬೇಕು. ಆ ದರ್ಜೆಯವನು ಬಾಡಿಗೆ ಕೊಡುವ 6 ಮಂದಿಗಿಂತ ಹೆಚ್ಚು ಜನರನ್ನು ಒಯ್ಯುವಂತಿಲ್ಲ. ದೋಣಿಗೆ ಪ್ರಾಂತದ ಚಾರ್ಟರ್ ಪರವಾನಿಗೆ ಇದ್ದರೆ ಪ್ರವಾಸಿಗೆ ಬೇರೆ ಮೀನುಗಾರಿಕೆಯ ಪರವಾನಿಗೆ ಬೇಕಿಲ್ಲ. ಇವನ್ನು ತೋರಿಸಿರೆಂದು ಕೇಳುವುದು ಅವಿನಯವಲ್ಲ. ಹವೆ ಕೆಟ್ಟರೆ ಮುಂಗಡದ ಗತಿಯೇನೆಂಬುದನ್ನೂ ಹಣ ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ಎರಡನೆಯದು ನೀರಿನ ಆಯ್ಕೆ. ದಡದ ತೆಳುನೀರಿನಲ್ಲಿ ಚಪ್ಪಟೆ ತಳದ ದೋಣಿಯನ್ನು ಗಳೆಯೂರಿ ನಡೆಸುತ್ತಾರೆ, ಬೋನ್‌ಫಿಶ್ ಅಲ್ಲಿಯದು. ಆಳದ ಕಡಲಿಗೆ ದೊಡ್ಡ ದೋಣಿ, ದೀರ್ಘ ಪಯಣ, ಅಲೆಯ ಹೊಯ್ದಾಟ. ಮಕ್ಕಳೊಡನೆ ಹೋಗುವವರಿಗೆ ಮೊದಲನೆಯದೇ ಲೇಸು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. 2013ರಿಂದ ಆ ಪ್ರಾಂತದಲ್ಲಿ ಬೋನ್‌ಫಿಶ್ ಸಿಕ್ಕರೆ ಬಿಟ್ಟುಬಿಡಬೇಕು. ಟಾರ್ಪನ್ ಕೂಡ, ದಾಖಲೆಗಾಗಿ ವಿಶೇಷ ಅನುಮತಿ ಪಡೆದವರ ಹೊರತು, ಹಾಗೆಯೇ. 40 ಅಂಗುಲ ಮೀರಿದ ಟಾರ್ಪನ್ನನ್ನು ನೀರಿನಿಂದ ಮೇಲೆತ್ತಲೂ ಕೂಡದು. ಹಿಡಿಯುವುದೇಕೆ, ಬಿಡುವುದೇಕೆ ಎಂದು ನಮ್ಮವರಿಗೆ ನಗು ಬಂದೀತು. 'ಮೀನು ಹಿಡಿಯುವುದು' ಎಂಬ ನಮ್ಮ ಮಾತಿನಲ್ಲಿ ಅಡಿಗೆಮನೆಯ ಒಲೆಯೂ ಸೇರಿಕೊಂಡಿದೆ. ಆದರೆ 2017ರಿಂದ 2019ರವರೆಗೆ ನೈರುತ್ಯ ಫ್ಲಾರಿಡಾದ ದಡದಲ್ಲಿ ಹಬ್ಬಿದ ಕೆಂಪು ಪಾಚಿಯ ವಿಷದಿಂದ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. 2023ರ ಜುಲೈನಲ್ಲಿ ಮ್ಯಾನಟೀ ಕೊಲ್ಲಿಯ ನೀರಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಇಂಥ ಕಡಲಿನಲ್ಲಿ ಬದುಕಿರುವ ಮೀನೇ ನಾವಿಕನ ಬಂಡವಾಳ. ನೀರಿನ ಶುದ್ಧಿಗಾಗಿ ಹೋರಾಡಲು 2016ರಲ್ಲಿ ಅಲ್ಲಿಯ ನಾವಿಕರೇ ಸಂಘ ಕಟ್ಟಿದುದು ಈ ಅರಿವಿನಿಂದಲೇ.

ಆದುದರಿಂದ ನಾವಿಕನನ್ನು 'ಎಷ್ಟು ಮೀನು ಕೊಡಿಸುವೆ?' ಎಂದು ಕೇಳುವುದು ಸಾಲದು. 'ಯಾವ ಮೀನನ್ನು, ಹೇಗೆ ಬಿಡುವೆ?' ಎಂದೂ ಕೇಳಬೇಕು. ಭಾವಚಿತ್ರಕ್ಕಾಗಿ ದೊಡ್ಡ ಟಾರ್ಪನ್ನನ್ನು ದೋಣಿಗೆ ಎಳೆಯುತ್ತೇನೆಂದು ಆಸೆ ಹುಟ್ಟಿಸುವವನು ಎಷ್ಟೇ ಅಗ್ಗಕ್ಕೆ ದೊರೆತರೂ ಅವನು ಬೇಡ. ಬೆಸ್ತನ ಬಲೆಯನ್ನು ಮೀನಿನ ಹೆಸರಿನಲ್ಲಿ ಕಸಿದುಕೊಂಡ ಸಮಾಜ, ತನ್ನ ವಿನೋದಕ್ಕೂ ಅದೇ ಮೀನಿನ ಹೆಸರಿನಲ್ಲಿ ಕಡಿವಾಣ ಹಾಕಿಕೊಂಡಾಗ ಮಾತ್ರ 1994ರ ತೀರ್ಪು ನ್ಯಾಯವೆನಿಸೀತು.