ಸೀಮೆಯ ಹಣ್ಣು, ನಮ್ಮ ಮಣ್ಣು

ಪುತ್ತೂರಿನ ಸಮೀಪ ನಮ್ಮ ಹಿರಿಯರ ಮನೆಯ ಹಿತ್ತಿಲಲ್ಲಿ ಎರಡು ರಂಬುಟಾನ್ ಮರಗಳಿವೆ. ಕೃಷಿ ಮೇಳವೊಂದರ ಮಳಿಗೆಯಲ್ಲಿ 'ಕಸಿ ಗಿಡ' ಎಂಬ ಭರವಸೆಯ ಮೇಲೆ ಕೊಂಡು ತಂದವು. ಗೊಬ್ಬರ, ನೀರು, ನೆರಳು ಯಾವುದಕ್ಕೂ ಕೊರತೆಯಾಗಲಿಲ್ಲ. ಏಳನೆಯ ವರ್ಷ ಎರಡೂ ಮರಗಳು ಮೈತುಂಬ ಹೂ ಬಿಟ್ಟವು. ಮನೆಮಂದಿಯೆಲ್ಲ ಸಂಭ್ರಮಪಟ್ಟೆವು. ಒಂದೇ ಒಂದು ಕಾಯಿ ಕಚ್ಚಲಿಲ್ಲ. ಮರುವರ್ಷವೂ ಅದೇ ಕಥೆ. ಬಲ್ಲವರೊಬ್ಬರು ಬಂದು ಹೂಗೊಂಚಲನ್ನು ನೋಡಿ, 'ಇವೆರಡೂ ಗಂಡು ಮರಗಳು' ಎಂದರು. ಕಸಿ ಎಂದು ನಮಗೆ ಮಾರಿದ್ದು ಬೀಜದಿಂದ ಎಬ್ಬಿಸಿದ ಸಸಿಗಳನ್ನು. ರಂಬುಟಾನ್ ಬೀಜ ಬಿತ್ತಿದರೆ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಬಹುದು. ಗಂಡು ಮರ ಎಷ್ಟು ಹೂ ಬಿಟ್ಟರೂ ಹಣ್ಣು ಕೊಡದು.

ಇದು ನನ್ನೊಬ್ಬನ ಪೆದ್ದುತನವಾಗಿದ್ದರೆ ಇಲ್ಲಿ ಬರೆಯಬೇಕಾಗಿರಲಿಲ್ಲ. ಇಂದು ಬೆಂಗಳೂರಿನ ಯಾವ ಬಡಾವಣೆಯ ಹಣ್ಣಿನಂಗಡಿಗೆ ಹೋದರೂ ಡ್ರ್ಯಾಗನ್ ಹಣ್ಣು, ಕಿವಿ, ಬೆಣ್ಣೆ ಹಣ್ಣು, ಮ್ಯಾಂಗೋಸ್ಟೀನ್‌ಗಳು ಸೇಬು, ಬಾಳೆಗಳ ಪಕ್ಕದಲ್ಲೇ ಕುಳಿತಿವೆ. ತಿಂದು ರುಚಿ ಕಂಡವರಿಗೆ ಅದನ್ನು ತಾರಸಿಯ ಕುಂಡದಲ್ಲೋ ಊರಿನ ತೋಟದಲ್ಲೋ ಬೆಳೆಯುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡ ಸಸಿ ವ್ಯಾಪಾರವೂ ಬೆಳೆದಿದೆ.

ಹೊರಗಿನ ಹಣ್ಣುಗಳ ಮೇಲೆ ನನಗೆ ಮುನಿಸಿಲ್ಲ. ಮುನಿಸಿಕೊಳ್ಳಲು ಹೊರಟರೆ ನಮ್ಮ ಹಿತ್ತಿಲಿನಲ್ಲಿ ಉಳಿಯುವುದಾದರೂ ಏನು? ಸೀಬೆ, ಸಪೋಟ, ಅನಾನಸು, ಗೇರು ಎಲ್ಲವೂ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವು. ಕರಾವಳಿಯವರು ಬಪ್ಪಂಗಾಯಿ ಎನ್ನುವ ಹಣ್ಣನ್ನು ಹಳೆಯ ಮೈಸೂರಿನವರು ಇಂದಿಗೂ ಪರಂಗಿ ಹಣ್ಣು ಎನ್ನುತ್ತಾರೆ. ಫಿರಂಗಿಯವರು ತಂದದ್ದು ಎಂಬ ನೆನಪು ಆ ಹೆಸರಿನಲ್ಲೇ ಇದೆ. ಹೊರಗಿನಿಂದ ಬಂದದ್ದಕ್ಕೆ 'ಸೀಮೆ' ಎಂಬ ವಿಶೇಷಣ ಹಚ್ಚುವುದು ನಮ್ಮ ರೂಢಿ. ಹಾಗೆ ಸೀಮೆಬದನೆ ಎಂದು ನಾವು ಕರೆದ ತರಕಾರಿಯನ್ನು ತಮಿಳರು ಮತ್ತು ತೆಲುಗರು ಬೆಂಗಳೂರು ಬದನೆ ಎನ್ನುತ್ತಾರೆ! ನಮಗೆ ಪರಕೀಯವಾದದ್ದು ನೆರೆಯವರ ಕಣ್ಣಿಗೆ ನಮ್ಮದೇ ಆಗಿಬಿಟ್ಟಿದೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ದೇಶವಿದೇಶಗಳ ಸಸ್ಯಗಳನ್ನು ತರಿಸಿ ಬೆಳೆಸಿದ ಲಾಲ್‌ಬಾಗ್ ಇರುವ ನಗರಕ್ಕೆ ಹೊಸ ಗಿಡಗಳ ಹಂಬಲ ಹೊಸದೇನಲ್ಲ.

ಡ್ರ್ಯಾಗನ್ ಹಣ್ಣನ್ನೇ ನೋಡಿ. 2021ರಲ್ಲಿ ಗುಜರಾತ್ ಸರ್ಕಾರ ಅದಕ್ಕೆ 'ಕಮಲಂ' ಎಂದು ಮರುನಾಮಕರಣ ಮಾಡಿದಾಗ ಹಲವರು ನಕ್ಕರು. ಆದರೆ ನಮ್ಮ ಮನೆಗಳ ಜಗಲಿಯಲ್ಲಿ ಮಧ್ಯರಾತ್ರಿ ಅರಳಿದಾಗ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ 'ಬ್ರಹ್ಮಕಮಲ'ವೂ ಮೆಕ್ಸಿಕೋ ಕಡೆಯಿಂದ ಬಂದ ಕಳ್ಳಿಯೇ, ಡ್ರ್ಯಾಗನ್ ಹಣ್ಣಿನ ಬಂಧುವೇ. ನನ್ನ ತಾರಸಿಯ ಡ್ರ್ಯಾಗನ್ ಬಳ್ಳಿಯೂ ರಾತ್ರಿಯೇ ಹೂ ಬಿಡುತ್ತದೆ, ಬೆಳಗಾದ ಮೇಲೆ ಬಾಡುತ್ತದೆ. ಕೆಲವು ತಳಿಗಳು ಸ್ವಂತ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಟಾರ್ಚ್ ಹಿಡಿದು, ಪುಟ್ಟ ಕುಂಚದಿಂದ ಬೇರೆ ತಳಿಯ ಪರಾಗ ಸವರಬೇಕು. ಸುಮಾರು ಒಂದು ತಿಂಗಳ ಬಳಿಕ ಕೊಯ್ದ ಹಣ್ಣಿನ ಸವಿ ಅಂಗಡಿಯ ಹಣ್ಣಿಗಿಲ್ಲ. ಒಣ ಹವೆಯನ್ನು ಸಹಿಸುವ ಈ ಕಳ್ಳಿ ಬಯಲುಸೀಮೆಗೆ ಒಗ್ಗುತ್ತದೆ. ಆದರೆ ಬಿಸಿಯೂ ತೇವವೂ ಕೂಡಿದ ಹವೆ ಬೇಡುವ ರಂಬುಟಾನ್, ಮ್ಯಾಂಗೋಸ್ಟೀನ್‌ಗಳಿಗೆ ಬೆಂಗಳೂರಿನ ಚಳಿಗಾಲದ ಒಣಗಾಳಿ ಹಿಡಿಸುವುದಿಲ್ಲ. ಮ್ಯಾಂಗೋಸ್ಟೀನ್ ಬೀಜದಿಂದಲೇ ತಾಯಿಗುಣ ಉಳಿಸಿಕೊಳ್ಳುತ್ತದೆ ನಿಜ, ಫಲ ಕೊಡಲು ಮಾತ್ರ ಎಂಟು-ಹತ್ತು ವರ್ಷ ಕಾಯಿಸುತ್ತದೆ. ಇದನ್ನೆಲ್ಲ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಸಮಸ್ಯೆಯ ಮೊದಲ ಮುಖ ಇದೇ. ಬಟ್ಟೆ ಕೆಟ್ಟಿದ್ದರೆ ಮರುದಿನ ಗೊತ್ತಾಗುತ್ತದೆ, ಸಸಿ ಸುಳ್ಳಾಗಿದ್ದರೆ ಏಳು ವರ್ಷ ಬೇಕು. ಅಷ್ಟರಲ್ಲಿ ಮಾರಿದವನ ಮಳಿಗೆಯೂ ಇರುವುದಿಲ್ಲ, ನಮ್ಮ ಬಳಿ ರಸೀದಿಯೂ ಇರುವುದಿಲ್ಲ. ಪಂಜಾಬ್ ರಾಜ್ಯ 1961ರಷ್ಟು ಹಿಂದೆಯೇ ಹಣ್ಣಿನ ಸಸ್ಯಗಳ ನರ್ಸರಿಗಳಿಗೆಂದು ಪ್ರತ್ಯೇಕ ಕಾಯ್ದೆ ತಂದಿತ್ತು. ರಾಷ್ಟ್ರೀಯ ತೋಟಗಾರಿಕಾ ಮಂಡಳಿ ನರ್ಸರಿಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆಯನ್ನೂ ಮಾಡಿದೆ. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರ ರಂಬುಟಾನ್‌ನಲ್ಲಿ 'ಅರ್ಕಾ ಕೂರ್ಗ್ ಅರುಣ್' ತಳಿಯನ್ನು ಕೊಟ್ಟಿದೆ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಡ್ರ್ಯಾಗನ್ ಹಣ್ಣಿನ ಸಂಶೋಧನೆ ನಡೆದಿದೆ. ಇವೆಲ್ಲ ಇದ್ದೂ ನಾವು ಮೇಳದ ಮಳಿಗೆಯ ಬಣ್ಣದ ಚಿತ್ರಕ್ಕೆ ಮರುಳಾಗುತ್ತೇವೆ.

ನಗರವಾಸಿ ಕಳೆದುಕೊಳ್ಳುವುದು ಕೆಲವು ನೂರು ರೂಪಾಯಿ, ಒಂದಿಷ್ಟು ಉತ್ಸಾಹ. ರೈತ ಕಳೆದುಕೊಳ್ಳುವುದು ಬದುಕನ್ನು. ವೆನಿಲ್ಲಾ ನೆನಪಿದೆಯೇ? ಮೆಕ್ಸಿಕೋ ಮೂಲದ ಆ ಬಳ್ಳಿಯನ್ನು ಮಲೆನಾಡು, ಕರಾವಳಿಯ ಎಷ್ಟೋ ಮಂದಿ ಅಡಿಕೆ ಮರಗಳ ನಡುವೆ ಹಬ್ಬಿಸಿದರು. 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಗಳ ಲೆಕ್ಕಕ್ಕೇರಿತ್ತು. ಕಳ್ಳರ ಭಯದಿಂದ ರಾತ್ರಿ ತೋಟ ಕಾಯುತ್ತಿದ್ದರು. ಒಂದೆರಡು ವರ್ಷಗಳಲ್ಲಿ ಬೆಲೆ ನೆಲಕಚ್ಚಿತು, ಬಳ್ಳಿಗಳನ್ನು ಕಿತ್ತೆಸೆದವರೂ ಇದ್ದರು. ಆ ಭರಾಟೆಯಲ್ಲಿ ನಿಶ್ಚಿತ ಲಾಭ ಕಂಡವರು ಬಳ್ಳಿಯ ತುಂಡು ಮಾರಿದವರು. ಇಂದು ಹೊಸ ಹಣ್ಣುಗಳ ವಿಷಯದಲ್ಲೂ ಅದೇ ಭಾಷೆ ಕೇಳಿಬರುತ್ತಿದೆ: 'ಎಕರೆಗೆ ಲಕ್ಷ ಲಕ್ಷ'.

ಎರಡನೆಯ ಮುಖ ಇನ್ನೂ ಗಂಭೀರ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಪೆಟ್ಟಿಗೆಯಲ್ಲಿ ಬೀಜವನ್ನೋ ಕಡ್ಡಿಯನ್ನೋ ಅಡಗಿಸಿ ತರುವುದನ್ನು ಸಾಹಸವೆಂದು ಬಣ್ಣಿಸುವುದನ್ನು ಕೇಳಿದ್ದೇನೆ. 2003ರ ಸಸ್ಯ ಸಂಗರೋಧ ಆದೇಶ ಇದಕ್ಕೆ ಅಡ್ಡ ಬರುತ್ತದೆ, ಅದಕ್ಕೆ ಕಾರಣವೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಮೆಕ್ಸಿಕೋ ಮೂಲದ್ದು. ಅದು ಪರಂಗಿಯನ್ನಷ್ಟೇ ಅಲ್ಲ, ಹಿಪ್ಪುನೇರಳೆಯನ್ನೂ ಮುತ್ತಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಔಷಧ ಸಿಂಪಡಿಸಿ ಸೋತ ಮೇಲೆ, 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಸಂಸ್ಥೆ ಪೋರ್ಟೊರಿಕೋದಿಂದ ಪುಟ್ಟ ಪರಾವಲಂಬಿ ಕಣಜಗಳನ್ನು ತರಿಸಿ, ಪರೀಕ್ಷಿಸಿ, ಬಿಡುಗಡೆ ಮಾಡಿತು. ಕೀಟ ಹತೋಟಿಗೆ ಬಂತು. ಹಣ್ಣು ಬಂದು ಶತಮಾನಗಳಾದ ಮೇಲೆ ಅದರ ಶತ್ರು ಬಂತು, ಶತ್ರುವಿನ ಶತ್ರುವನ್ನು ನಾವೇ ಕರೆಸಿಕೊಳ್ಳಬೇಕಾಯಿತು. ಪ್ರತಿ ಸಲವೂ ಇಂಥ ಅದೃಷ್ಟ ಇರುತ್ತದೆಂದು ನಂಬುವುದು ಜಾಣತನವಲ್ಲ.

ಮೂರನೆಯದು ಮರೆವಿನ ಮುಖ. ಮ್ಯಾಂಗೋಸ್ಟೀನ್‌ಗೆ ದುಬಾರಿ ಬೆಲೆ ತೆರುವ ನಾವು ಅದರದೇ ಕುಲದ ಮುರುಗಲು, ಉಪ್ಪಾಗೆಗಳು ನಮ್ಮ ಪಶ್ಚಿಮ ಘಟ್ಟದ ಮಕ್ಕಳೆಂದು ಅರಿಯೆವು. ಇನ್ನು ದೇವನಹಳ್ಳಿಯ ಚಕ್ಕೋತ. ಅದೂ ಆಗ್ನೇಯ ಏಷ್ಯಾದ ಹಣ್ಣೇ. ಈ ಮಣ್ಣಿನಲ್ಲಿ ಬೇರೂರಿ ಊರಿನ ಹೆಸರು ಹೊತ್ತು, ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆಯಿತು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು, ನೆಲದ ಬೆಲೆ ಮುಗಿಲಿಗೇರಿತು, ತೋಟಗಳು ನಿವೇಶನಗಳಾದವು. ಹೊಸ ಹಣ್ಣುಗಳು ಬಂದಿಳಿಯುವ ನಿಲ್ದಾಣದ ಸುತ್ತಲೇ, ಒಮ್ಮೆ ಹೊಸದಾಗಿ ಬಂದು ನಮ್ಮದಾದ ಹಣ್ಣು ಅಪರೂಪವಾಗುತ್ತಿದೆ.

ಆದ್ದರಿಂದ ಹೊಸ ಹಣ್ಣನ್ನು ತಿನ್ನಬೇಡಿ, ಬೆಳೆಯಬೇಡಿ ಎಂಬುದು ನನ್ನ ವಾದವಲ್ಲ. ತಳಿಯ ಹೆಸರು ಕೇಳಿ, ಕಸಿಯ ಗಂಟು ನೋಡಿ, ರಸೀದಿ ಪಡೆಯಿರಿ. ಬೀಜವನ್ನು ಪೆಟ್ಟಿಗೆಯಲ್ಲಿ ತರಬೇಡಿ. ಸಸಿ ಮಾರುವವರು ತಳಿ ಮತ್ತು ಕಸಿಯ ವಿವರವನ್ನು ಬರಹದಲ್ಲಿ ಕೊಡಬೇಕೆಂದು ತೋಟಗಾರಿಕೆ ಇಲಾಖೆ ಕಟ್ಟುನಿಟ್ಟು ಮಾಡಲಿ. ಮೇಳಗಳ ಮಳಿಗೆಗಳಿಂದಲೇ ಅದು ಆರಂಭವಾಗಲಿ.

ನಮ್ಮ ಗಂಡು ರಂಬುಟಾನ್ ಮರಗಳನ್ನು ಕಡಿಯಲಿಲ್ಲ. ಮಾನ್ಯತೆ ಪಡೆದ ನರ್ಸರಿಯಿಂದ ತಂದ ಕಸಿ ಗಿಡವೊಂದನ್ನು ಕಳೆದ ಮಳೆಗಾಲದಲ್ಲಿ ಅವುಗಳ ಪಕ್ಕ ನೆಟ್ಟಿದ್ದೇವೆ. ಅದರಾಚೆ ಒಂದು ಮುರುಗಲು, ಒಂದು ಚಕ್ಕೋತವನ್ನೂ. ರಸೀದಿ ಈ ಬಾರಿ ಕಪಾಟಿನಲ್ಲಿ ಭದ್ರವಾಗಿದೆ.