ಅರ ಕಾಣದ ಗರಗಸ

ಆಯುಧಪೂಜೆಯ ದಿನ ನಮ್ಮೂರಿನ ಆಚಾರ್ರು ತಮ್ಮ ಉಳಿ, ಬಾಚಿ, ಗರಗಸಗಳನ್ನೆಲ್ಲ ತೊಳೆದು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು ಮಣೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಅಂದು ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಮರುದಿನ ವಿಜಯದಶಮಿ, ಬೆಳಗಾಗುತ್ತಲೇ ಹೂ ಕೊಡವಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದರು. ಉಪಕರಣಕ್ಕೆ ವರ್ಷಕ್ಕೊಂದು ದಿನದ ದೇವತ್ವ ಸಾಕು, ಮಿಕ್ಕ ದಿನವೆಲ್ಲ ಅದು ದುಡಿಯಬೇಕು ಎಂಬುದು ಅವರ ಧರ್ಮವಾಗಿತ್ತು. ವರ್ಷದ ಮುನ್ನೂರ ಅರವತ್ತೈದು ದಿನವೂ ಆಯುಧಪೂಜೆ ನಡೆಸುವ ಒಂದು ಪಂಥ ಜಗತ್ತಿನಲ್ಲಿದೆಯೆಂದು ನನಗೆ ತಿಳಿದದ್ದು, ಮಗಳ ಮನೆಗೆಂದು ಅಮೆರಿಕದ ಫಿಲಡೆಲ್ಫಿಯಕ್ಕೆ ಹೋದಾಗ.

ಮಗಳ ನೆರೆಮನೆಯ ಯಜಮಾನರು ನನಗೆ ಮರಗೆಲಸದಲ್ಲಿ ಆಸಕ್ತಿಯುಂಟೆಂದು ಕೇಳಿ ಬಹು ಪ್ರೀತಿಯಿಂದ ತಮ್ಮ ನೆಲಮಾಳಿಗೆಗೆ ಕರೆದೊಯ್ದರು. ಗೋಡೆಯ ತುಂಬ ಗರಗಸಗಳು, ಅರವತ್ತಕ್ಕೆ ಕಡಿಮೆಯಿಲ್ಲ. ಎಲ್ಲವೂ ಡಿಸ್ಟನ್ ಎಂಬ ಒಂದೇ ಕಾರ್ಖಾನೆಯವು. ನಾನು ಅಭ್ಯಾಸಬಲದಿಂದ ಒಂದರ ಹಲ್ಲಿಗೆ ಹೆಬ್ಬೆರಳು ತಾಗಿಸಹೋದೆ. “ದಯವಿಟ್ಟು ಮುಟ್ಟಬೇಡಿ” ಎಂದರು. ನನ್ನ ಬೆರಳು ಕೊಯ್ದೀತೆಂಬ ಕರುಣೆಯಿಂದಲ್ಲ. ಬೆರಳಿನ ಬೆವರಿಗೆ ಉಕ್ಕು ತುಕ್ಕು ಹಿಡಿದೀತೆಂಬ ಭಯದಿಂದ. “ಇವುಗಳಲ್ಲಿ ಎಂದಾದರೂ ಮರ ಕೊಯ್ದಿದ್ದೀರಾ?” ಎಂದು ಕೇಳಿದೆ. ಉತ್ಸವಮೂರ್ತಿಯನ್ನು ಬಾಗಿಲಿಗೆ ಅಡ್ಡ ಇಡಬಹುದೇ ಎಂದು ಕೇಳಿದವನನ್ನು ಅರ್ಚಕರು ನೋಡುವಂತೆ ನನ್ನನ್ನು ನೋಡಿದರು.

ಅವರ ಮೇಲೆ ನನಗೆ ಮುನಿಸಿಲ್ಲ. ಅವರು ಸಜ್ಜನರು, ಕಾಫಿ ಕೊಟ್ಟರು. ನನ್ನ ಜಗಳ ಅವರ ಪಂಥದೊಡನೆ. ಆ ಜಗಳವನ್ನು ವಾಚಕರ ಮುಂದಿಡುವ ಮೊದಲು, ಪೂಜೆಗೊಳ್ಳುತ್ತಿರುವ ದೇವರ ಮಹಿಮೆಯನ್ನು ಹೇಳುವುದು ನ್ಯಾಯ.

ಹೆನ್ರಿ ಡಿಸ್ಟನ್ ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ 1819ರಲ್ಲಿ ಹುಟ್ಟಿದವನು. 1833ರಲ್ಲಿ ತಂದೆಯ ಜೊತೆ ಫಿಲಡೆಲ್ಫಿಯಕ್ಕೆ ಬಂದಿಳಿದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಹದಿನಾಲ್ಕರ ಹುಡುಗ ಗರಗಸ ಮಾಡುವವರಲ್ಲಿ ಶಿಷ್ಯನಾಗಿ ಸೇರಿ, 1840ರಲ್ಲಿ ಅಲ್ಪ ಬಂಡವಾಳದಿಂದ ತನ್ನದೇ ಅಂಗಡಿ ತೆರೆದ. ಆಗ ಒಳ್ಳೆಯ ಗರಗಸವೆಂದರೆ ಇಂಗ್ಲೆಂಡಿನ ಶೆಫೀಲ್ಡಿನದು, ಒಳ್ಳೆಯ ಉಕ್ಕೆಂದರೂ ಅಲ್ಲಿಯದೇ. ಆ ಪರಾವಲಂಬನೆ ಸಾಕೆಂದು 1855ರಲ್ಲಿ ತನ್ನ ಕುಲುಮೆಯಲ್ಲೇ ಗರಗಸದ ಉಕ್ಕು ಕರಗಿಸತೊಡಗಿದ. 1870ರ ದಶಕದ ಆರಂಭದಲ್ಲಿ ಡೆಲಾವೇರ್ ನದಿಯ ದಂಡೆಯ ಟಕೋನಿಯಲ್ಲಿ ಕಾರ್ಖಾನೆಗೂ ಕೆಲಸಗಾರರ ಮನೆಗಳಿಗೂ ನೆಲ ಕೊಂಡು ಒಂದು ಊರನ್ನೇ ಕಟ್ಟಿದ; ಅಲ್ಲಿ ಹೆಂಡ ಮಾರಕೂಡದೆಂದು ನಿವೇಶನದ ಪತ್ರದಲ್ಲೇ ಬರೆಸಿದ. 1878ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳು ಮೊಮ್ಮಕ್ಕಳು ನಡೆಸಿದ ಆ ಕಾರ್ಖಾನೆ ಜಗತ್ತಿನ ಅತಿ ದೊಡ್ಡ ಗರಗಸ ಕಾರ್ಖಾನೆಯೆನಿಸಿಕೊಂಡಿತು.

ಆ ಗರಗಸದಲ್ಲಿ ಅಂಥದ್ದೇನಿತ್ತು? 1874ರಲ್ಲಿ ಹೊರಟ ಡಿ-8 ಎಂಬ ಮಾದರಿಯನ್ನೇ ನೋಡಿ. ಅಲಗಿನ ಬೆನ್ನು ಕೊಂಚ ಒಳಬಾಗಿದೆ. ಅಷ್ಟರಿಂದ ತುದಿಯ ಭಾರ ಇಳಿದು ಕೈಗೆ ಹಗುರ. ಹಲ್ಲಿರುವ ಅಂಚಿನಲ್ಲಿ ಅಲಗು ದಪ್ಪ, ಬೆನ್ನಿನ ಕಡೆಗೂ ತುದಿಯ ಕಡೆಗೂ ತೆಳ್ಳಗಾಗುವಂತೆ ಸಾಣೆ ಹಿಡಿದಿದ್ದಾರೆ; ಆದ್ದರಿಂದ ಗರಗಸ ಮರದೊಳಗೆ ಸಿಕ್ಕಿಕೊಳ್ಳುವುದಿಲ್ಲ. ಮರದ ಹಿಡಿ ಕಾರ್ಖಾನೆಯ ಅಂದಕ್ಕಾಗಿ ಕೆತ್ತಿದ್ದಲ್ಲ, ಮನುಷ್ಯನ ಅಂಗೈಗಾಗಿ ಕೆತ್ತಿದ್ದು. ಹಿಡಿಯ ಕೆಳಗೆ, ಹಲ್ಲಿನ ಸಾಲು ಮುಗಿಯುವಲ್ಲಿ, ಒಂದು ಅಂಕಿ ಕುಟ್ಟಿರುತ್ತದೆ. ಅಂಗುಲಕ್ಕೆ ಹಲ್ಲಿನ ತುದಿಗಳೆಷ್ಟೆಂಬುದು ಅದು.

ಇವೆಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದು. ಉಕ್ಕನ್ನು ಹದ ಮಾಡುವಾಗ ಅವರು ಒಂದು ಲೆಕ್ಕ ಇಟ್ಟುಕೊಂಡಿದ್ದರು: ಹಲ್ಲು ಬಹುಕಾಲ ಹರಿತವಾಗಿರುವಷ್ಟು ಗಡಸಾಗಿರಬೇಕು, ಆದರೆ ಅರಕ್ಕೆ ಬಗ್ಗುವಷ್ಟು ಮೃದುವೂ ಆಗಿರಬೇಕು. ಮೊಂಡಾದಾಗ ಬಡಗಿ ಮೂರು ಮುಖದ ಅರವೊಂದನ್ನು ತೆಗೆದು ತಾನೇ ತೀಡಿಕೊಳ್ಳಬೇಕು ಎಂಬುದು ಅದರ ಅರ್ಥ. ಅಷ್ಟೇ ಅಲ್ಲ, ಆ ಕಂಪನಿ ಅರಗಳನ್ನೂ ತಯಾರಿಸಿತು. ಗರಗಸಕ್ಕೆ ಅರ ಹಾಕುವುದು ಹೇಗೆಂದು ಕಲಿಸುವ ಕೈಪಿಡಿಗಳನ್ನೂ ಅಚ್ಚು ಹಾಕಿಸಿತು. ಮಾರಿದ ವಸ್ತುವನ್ನು ಕೊಂಡವನೇ ಚಿರಂಜೀವಿಯಾಗಿಸಿಕೊಳ್ಳಲೆಂದು ಕಾರ್ಖಾನೆಯೇ ವಿದ್ಯೆ ಹೇಳಿಕೊಟ್ಟ ಕಾಲ ಅದು!

ಎರಡನೆಯ ಮಹಾಯುದ್ಧದ ಅನಂತರ ಮನೆ ಕಟ್ಟುವವರ ಕೈಗೆ ವಿದ್ಯುತ್ ಗರಗಸ ಬಂತು. 1955ರಲ್ಲಿ ಡಿಸ್ಟನ್ ಮನೆತನ ಸಂಸ್ಥೆಯನ್ನು ಎಚ್. ಕೆ. ಪೋರ್ಟರ್ ಕಂಪನಿಗೆ ಮಾರಿತು. ಆ ಮೇಲೆ ಹೆಸರು ಕೈಯಿಂದ ಕೈಗೆ ದಾಟಿತೇ ಹೊರತು ಆ ಗರಗಸ ದಾಟಲಿಲ್ಲ. ಟಕೋನಿಯ ಹಳೆಯ ಡಿ-8 ಇಂದು ಎಲ್ಲಿಯೂ ತಯಾರಾಗುವುದಿಲ್ಲ. ಇದ್ದಷ್ಟೇ ಇದೆ.

ಇದ್ದಷ್ಟೇ ಇದೆ ಎಂದಾಗ ಸಂಗ್ರಾಹಕರು ಬರುತ್ತಾರೆ. ಅವರ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಹಿಡಿಗೆ ಜಡಿದ ಹಿತ್ತಾಳೆಯ ಬಿಲ್ಲೆಯ ಮೇಲಿನ ಊರಿನ ಹೆಸರನ್ನು ಹೇಗೆ ಮೊಟಕು ಮಾಡಿದೆ, ಮಗನ ಹೆಸರು ಸೇರಿದೆಯೇ ಇಲ್ಲವೇ ಎಂಬುದರಿಂದಲೇ ಗರಗಸ ಯಾವ ಕಾಲದ್ದೆಂದು ಹೇಳಬಲ್ಲರು. ಶಾಸನತಜ್ಞರು ಅಕ್ಷರದ ವರಸೆಯಿಂದ ಶತಮಾನ ಹೇಳುವುದಿಲ್ಲವೇ, ಹಾಗೆ. ಈ ವಿದ್ಯೆ ಸುಳ್ಳಲ್ಲ. ಆದರೆ ಅದು ಯಾವ ಬೆಲೆಗಟ್ಟುವಿಕೆಗೆ ದಾರಿಮಾಡಿದೆ ನೋಡಿ: ಅರ ಮುಟ್ಟಿರಬಾರದು, ಅಲಗು ಸವೆದಿರಬಾರದು, ಹಿಡಿಯ ಮೇಲೆ ಬೆವರಿನ ಕಲೆಯಿರಬಾರದು. ಕೆಲಸ ಮಾಡಿಲ್ಲದಷ್ಟೂ ಕ್ರಯ ಹೆಚ್ಚು! ನಲವತ್ತು ವರ್ಷ ದುಡಿದು, ನೂರು ಸಲ ಹರಿತಗೊಂಡು, ಮೂರು ಬೆರಳಗಲಕ್ಕೆ ಸವೆದ ಗರಗಸ ಗುಜರಿಗೆ. ಅಂಗಡಿಯಲ್ಲಿ ಮಾರಾಟವಾಗದೆ ಕೊಳೆತದ್ದು ಗದ್ದುಗೆಗೆ.

ಈಗ ಗೋಡೆಯಿಂದ ಕಣ್ಣು ತೆಗೆದು ಇಂದಿನ ಅಂಗಡಿಯ ಕಡೆ ನೋಡೋಣ. ಪ್ಲಾಸ್ಟಿಕ್ ಹಿಡಿಯ ಹೊಸ ಗರಗಸ ಅಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಲ್ಲಿನ ತುದಿಯನ್ನಷ್ಟೇ ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ತಟ್ಟನೆ ಆರಿಸಿ ಗಡಸು ಮಾಡಿರುತ್ತಾರೆ; ಆ ಹಲ್ಲಿನ ತುದಿ ನೀಲಿಗಪ್ಪಾಗಿರುತ್ತದೆ. ಅದು ಚೆನ್ನಾಗಿ ಕೊಯ್ಯುತ್ತದೆ, ಬಹುದಿನ ಕೊಯ್ಯುತ್ತದೆ, ಸುಳ್ಳು ಹೇಳಲಾರೆ. ಆದರೆ ಮೊಂಡಾದ ದಿನ ಅದಕ್ಕೆ ಮದ್ದಿಲ್ಲ. ಹಲ್ಲು ಅರಕ್ಕಿಂತ ಗಡಸು. ಅರ ಜಾರುತ್ತದೆ, ಕಚ್ಚುವುದಿಲ್ಲ. ಎಸೆದು ಇನ್ನೊಂದು ತರಬೇಕು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಅತ್ಯಂತ ಹೀನವೆಂದು ಎಸೆಯುವ ವಸ್ತು. ಇನ್ನೊಂದು ಅತ್ಯಂತ ಶ್ರೇಷ್ಠವೆಂದು ಮುಟ್ಟದ ವಸ್ತು. ಇವು ಒಂದಕ್ಕೊಂದು ಶತ್ರುಗಳೆಂದು ಸಂಗ್ರಾಹಕರು ತಿಳಿದಿದ್ದಾರೆ. ನಾನು ಹೇಳುತ್ತೇನೆ, ಇವು ಅಣ್ಣತಮ್ಮಂದಿರು. ಎರಡಕ್ಕೂ ಅರ ಬೇಡ. ಎರಡಕ್ಕೂ ಅರ ಹಾಕಬಲ್ಲ ಮನುಷ್ಯ ಬೇಡ. ಒಂದನ್ನು ಕಾರ್ಖಾನೆ ಹಾಗೆ ಮಾಡಿತು, ಇನ್ನೊಂದನ್ನು ಭಕ್ತಿ ಹಾಗೆ ಮಾಡಿತು. ಸಾಯುತ್ತಿರುವುದು ಗರಗಸವಲ್ಲ, ಸ್ವಾಮಿ. ಎಣ್ಣೆ ಸವರಿಟ್ಟರೆ ಉಕ್ಕು ಇನ್ನೂರು ವರ್ಷ ಇದ್ದೀತು. ಸಾಯುತ್ತಿರುವುದು ಅದನ್ನು ಹರಿತ ಮಾಡುವ ವಿದ್ಯೆ.

ಆ ವಿದ್ಯೆ ಪುಸ್ತಕದಿಂದ ಬರುವುದಿಲ್ಲವೆಂದು ನನ್ನ ಕೈಯೇ ನನಗೆ ತೋರಿಸಿತು. ಅದೇ ಪ್ರವಾಸದಲ್ಲಿ ಹಳೆಯ ಸಾಮಾನಿನ ಸಂತೆಯೊಂದರಲ್ಲಿ ಹಿಡಿಯ ಕೊಂಬು ಮುರಿದ ಒಂದು ಡಿ-8 ಐದು ಡಾಲರಿಗೆ ಸಿಕ್ಕಿತು. ಸಂಗ್ರಾಹಕರ ಕಣ್ಣಿಗೆ ಹೆಣ. ನನ್ನ ಕಣ್ಣಿಗೆ ತುಕ್ಕಿನೊಳಗೆ ನೆಟ್ಟಗಿದ್ದ ಅಲಗು. ಮೊಮ್ಮಗನನ್ನು ಕೂರಿಸಿಕೊಂಡು, ಎರಡು ಹಲಗೆಗಳ ನಡುವೆ ಅಲಗನ್ನು ವೈಸಿಗೆ ಬಿಗಿದು ಶುರುಮಾಡಿದೆ. ಮೊದಲು ಚಪ್ಪಟೆ ಅರವನ್ನು ಹಲ್ಲುಗಳ ತಲೆಯ ಮೇಲೆ ಉದ್ದಕ್ಕೆ ಎಳೆದು ಎಲ್ಲವನ್ನೂ ಒಂದೇ ಎತ್ತರಕ್ಕೆ ತರಬೇಕು. ಪ್ರತಿ ತುದಿಯಲ್ಲೂ ಒಂದು ಹೊಳೆಯುವ ಚುಕ್ಕೆ ಮೂಡುತ್ತದೆ. ಆಮೇಲೆ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆಂದು ಕೂದಲೆಳೆಯಷ್ಟು ಬಾಗಿಸಬೇಕು; ಹೆಚ್ಚು ಬಾಗಿಸಿದರೆ ವೃಥಾ ಮರ ಪುಡಿಯಾಗುತ್ತದೆ, ಕಡಿಮೆಯಾದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಅನಂತರ ಮೂರು ಮುಖದ ಅರವನ್ನು ಒಂದು ಸಂದು ಬಿಟ್ಟು ಒಂದಕ್ಕೆ ಹಾಕಬೇಕು, ಆ ಚುಕ್ಕೆ ಮಾಯವಾಗುವವರೆಗೆ. ಮುಂದಿನ ಒಂದು ಎಳೆತವೂ ತಪ್ಪು. ಮರವನ್ನು ಉದ್ದಕ್ಕೆ ಸೀಳುವ ಗರಗಸವಾದರೆ ಅರ ನೇರ ನಡೆಯಬೇಕು, ಹಲ್ಲು ಉಳಿಯಂತಾಗಬೇಕು. ಅಡ್ಡ ಕೊಯ್ಯುವುದಾದರೆ ಅರ ಓರೆ ನಡೆಯಬೇಕು, ಹಲ್ಲು ಚೂರಿಯಂತಾಗಬೇಕು.

ಬಾಯಲ್ಲಿ ಹೇಳುವುದು ಇಷ್ಟು ಸುಲಭ. ನನ್ನ ಮೊದಲ ಸಾಲು ಮುಗಿದಾಗ ಒಂದು ಹಲ್ಲು ದೊಡ್ಡದು, ಪಕ್ಕದ್ದು ಚಿಕ್ಕದು. ಇಂಥ ಸಾಲನ್ನು ಅಲ್ಲಿಯ ಬಡಗಿಗಳು ‘ಹಸು-ಕರು’ ಎಂದು ಗೇಲಿ ಮಾಡುತ್ತಾರಂತೆ. ನನ್ನದು ಒಂದು ಕೊಟ್ಟಿಗೆಯೇ ಆಗಿತ್ತು. ಮತ್ತೆ ತಲೆ ಸಮಮಾಡಿ ಮತ್ತೆ ಹಾಕಿದೆ. ಮೂರನೆಯ ಸಲಕ್ಕೆ ಗರಗಸ ಮರಕ್ಕಿಳಿಯಿತು. ನಾನು ಒತ್ತಬೇಕಾಗಲಿಲ್ಲ. ಆಗ ಕಿವಿಗೆ ಬಿದ್ದ ಸದ್ದು, ಚಿಕ್ಕಂದಿನಲ್ಲಿ ಆಚಾರ್ರ ಜಗಲಿಯಿಂದ ಕೇಳಿಸುತ್ತಿದ್ದ ಸದ್ದು. ಅವರು ಹೀಗೆ ಅರ ಹಾಕುತ್ತಿದ್ದುದನ್ನು ನಾನು ನೂರು ಸಲ ನೋಡಿದ್ದೆ. ಒಮ್ಮೆಯೂ ಕೇಳಿ ಕಲಿಯಲಿಲ್ಲ. ಆ ತಪ್ಪು ನನ್ನದು.

ಎದುರಾಳಿಗಳ ವಾದವನ್ನೂ ಕೇಳೋಣ. “ನಾವಿಲ್ಲದಿದ್ದರೆ ಇವೆಲ್ಲ ಕಬ್ಬಿಣದ ಗುಜರಿಗೆ ಹೋಗುತ್ತಿದ್ದವು” ಎನ್ನುತ್ತಾರೆ ಸಂಗ್ರಾಹಕರು. ಒಪ್ಪಿದೆ. ಅಪರೂಪದ ಮಾದರಿಯೊಂದು, ಕಾರ್ಖಾನೆಯ ಮೊದಲ ಅರದ ಗುರುತು ಇನ್ನೂ ಹಲ್ಲಿನಲ್ಲಿರುವುದೊಂದು, ವಸ್ತುಸಂಗ್ರಹಾಲಯದಲ್ಲಿ ಇರತಕ್ಕದ್ದೇ. ಮುಂದಿನವರಿಗೆ ಅದು ಸಾಕ್ಷಿ. ಆದರೆ ಡಿ-8 ಹೊಯ್ಸಳರ ಶಿಲ್ಪವಲ್ಲ. ಊರೂರಿನ ಬಡಗಿಗೆಂದು ರಾಶಿರಾಶಿಯಾಗಿ ಮಾಡಿದ ಸಾಮಾನು. ಸಾಕ್ಷಿಗೆ ಹತ್ತು ಸಾಕು, ಅರವತ್ತು ಏಕೆ?

“ಅರ ಹಾಕಿದಷ್ಟೂ ಅಲಗು ಸವೆದು ಕೊನೆಗೆ ಇಲ್ಲವಾಗುತ್ತದೆ” ಎಂಬುದು ಎರಡನೆಯ ವಾದ. ಹೌದು, ಇಲ್ಲವಾಗುತ್ತದೆ. ಶ್ರೀಗಂಧದ ಕೊರಡು ತೇಯದೆ ಉಳಿದರೆ ಅದು ಕೊರಡು ಮಾತ್ರ. ಸವೆದು ಸಾಯುವುದು ಉಪಕರಣಕ್ಕೆ ಸಲ್ಲುವ ಮರಣ. ಗೋಡೆಯ ಮೇಲೆ ಬದುಕುವುದು ಸಲ್ಲದ ಬದುಕು.

ಮೂರನೆಯ ವಾದ ಸಂಗ್ರಾಹಕರದಲ್ಲ, ದುಡಿಯುವ ಬಡಗಿಯದು, ಅದೇ ಗಟ್ಟಿಯಾದದ್ದು. “ಸ್ವಾಮಿ, ಕೂತು ಅರ ಹಾಕುವ ಹೊತ್ತಿನ ಕೂಲಿಯಲ್ಲಿ ಹೊಸ ಗರಗಸವೇ ಬರುತ್ತದೆ. ನನ್ನ ಮಕ್ಕಳಿಗೆ ವಿದ್ಯೆ ಊಟ ಹಾಕುವುದಿಲ್ಲ.” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಲೆಕ್ಕ ಅವನು ಮಾಡಿದ್ದಲ್ಲ, ಮಾರುಕಟ್ಟೆ ಮಾಡಿದ್ದು. ಅವನನ್ನು ದೂರುವುದು ನೀಚತನ. ಹಳೆಯ ಗರಗಸ ಹಿಡಿದು ಬಡವನಾಗಿರು ಎಂದು ಅವನಿಗೆ ಉಪದೇಶಿಸುವ ಹಕ್ಕು ಪಿಂಚಣಿ ಉಣ್ಣುವ ನನಗಿಲ್ಲ.

ಆದರೆ ಈ ಮಾತಿನಿಂದಲೇ ಹವ್ಯಾಸಿಗಳ ಮೇಲಿನ ಋಣ ಗೊತ್ತಾಗುತ್ತದೆ. ಕೂಲಿಯ ಲೆಕ್ಕ ಕಟ್ಟಿಹಾಕದ ಜನ ಅವರು. ಅವರಿಗೆ ಹಣವುಂಟು, ಬಿಡುವುಂಟು, ಉಪಕರಣವೂ ಅವರ ಕೈಯಲ್ಲೇ ಉಂಟು. ದುಡಿಯುವವನು ಕಾಪಾಡಲಾರದ ವಿದ್ಯೆಯನ್ನು ಕಾಪಾಡಲು ಈ ಲೋಕದಲ್ಲಿ ಅನುಕೂಲವುಳ್ಳವರು ಅವರೇ. ಅವರೇ ಅದನ್ನು ಗೋಡೆಗೆ ನೇತುಹಾಕಿದರೆ ಇನ್ನಾರನ್ನು ಕೇಳುವುದು?

ಇದು ಬರಿಯ ಆಸೆಯಲ್ಲ, ನಡೆದದ್ದುಂಟು. 1981ರಲ್ಲಿ ಟಾಮಸ್ ಲೀ-ನೀಲ್ಸನ್ ಎಂಬವರು ಅಮೆರಿಕದ ಮೇಯ್ನ್ ಪ್ರಾಂತದಲ್ಲಿ, ದೊಡ್ಡ ಕಂಪನಿ ಕೈಬಿಟ್ಟಿದ್ದ ಒಂದು ಚಿಕ್ಕ ಕೀಸುಳಿಯನ್ನು ಮತ್ತೆ ಮಾಡಲು ತೊಡಗಿದರು. ಅದೇ ಇಂದು ಹೆಸರಾಂತ ಕಾರ್ಖಾನೆ. 1990ರ ದಶಕದಲ್ಲಿ ಹಳೆಯ ಉಪಕರಣಗಳ ಒಡನಾಟದಲ್ಲಿದ್ದ ಇಬ್ಬರು, ಹಿಂದಿನ ಗರಗಸಗಳ ಜಾಡು ಹಿಡಿದು ಹಿತ್ತಾಳೆ ಬೆನ್ನಿನ ಸಣ್ಣ ಗರಗಸವೊಂದನ್ನು ಮಾಡಿದರು. ಆ ಕೆಲಸವೂ ಮುಂದೆ ಅದೇ ಲೀ-ನೀಲ್ಸನ್ ಕೈಸೇರಿತು. ಅರ ಹಾಕಿ ಮತ್ತೆ ಮತ್ತೆ ಹರಿತ ಮಾಡಿಕೊಳ್ಳಬಹುದಾದ ಹೊಸ ಗರಗಸ ಇಂದು ಸಿಗುತ್ತದೆ, ದುಬಾರಿಯಾದರೂ. ಹಳೆಯದನ್ನು ಕೈಗೆತ್ತಿಕೊಂಡು ಅದರ ಗುಟ್ಟು ತಿಳಿದವರಿಂದ ಇದಾಯಿತು. ಕಪಾಟಿನ ಬೀಗ ಕಾದವರಿಂದ ಆಗಲಿಲ್ಲ.

ಆದ್ದರಿಂದ ಸಂಗ್ರಾಹಕ ಮಹಾಶಯರಲ್ಲಿ ನನ್ನದೊಂದು ಬಿನ್ನಹ. ಡಿಸ್ಟನ್ನೇ ಆಗಲಿ, ಬೇರೆ ಹೆಸರಿನದೇ ಆಗಲಿ, ಹತ್ತು ಗರಗಸಗಳಲ್ಲಿ ಒಂದನ್ನು ಗೋಡೆಯಿಂದ ಇಳಿಸಿ. ಅದಕ್ಕೆ ನೀವೇ ಅರ ಹಾಕಿ, ಹಸು-ಕರುವಾದರೆ ಆಗಲಿ. ಮೂರನೆಯ ಸಲ ಅದು ಮರಕ್ಕಿಳಿದ ಮೇಲೆ, ಕಲಿಯಲು ಮನಸ್ಸಿರುವ ಒಬ್ಬ ಹುಡುಗನಿಗೋ ಹುಡುಗಿಗೋ ಆ ಗರಗಸವನ್ನೂ ಜೊತೆಗೆ ಒಂದು ಅರವನ್ನೂ ಕೊಟ್ಟುಬಿಡಿ. ಗರಗಸ ಒಂದನ್ನೇ ಕೊಡಬೇಡಿ, ಅರ ಮರೆಯಬೇಡಿ.